ಕಪ್ಪೆಯಂತೆ ಕುಪ್ಪಳಿಸುವ ಮೌಸ್ ಬಾಣ

ಕಂಪ್ಯೂಟರ್ ಸ್ಕ್ರೀನ್ ರೆಕಾರ್ಡ್ ಮಾಡಿ ಪಾಠದ ವಿಡಿಯೊ ತಯಾರಿಸುತ್ತಿದ್ದೆ. ಸ್ಕ್ರೀನ್ ಮೇಲೆ ಮೌಸ್ ಬಾಣ ನಯವಾಗಿಯೇ ಓಡಾಡುತ್ತಿತ್ತು. ರೆಕಾರ್ಡ್ ಆದ ವಿಡಿಯೊದಲ್ಲಿ ಮಾತ್ರ ಕಪ್ಪೆ ಹಾಗೆ ಕುಪ್ಪಳಿಸುತ್ತಿತ್ತು. ಇಪ್ಪತ್ತು ನಿಮಿಷದ ಪಾಠ, ಮೂರು ಸಲ ಮಾಡಿದೆ, ಮೂರು ಸಲವೂ ಅದೇ ಗೋಳು. ಸಿಟ್ಟಿನಲ್ಲಿ ಕೈಗೆ ಸಿಕ್ಕ ಸೆಟ್ಟಿಂಗ್ ಎಲ್ಲ ತಿರುಗಿಸಿದೆ, ಡ್ರೈವರ್ ಹೊಸದು ಹಾಕಿದೆ, ಬಿಟ್‌ರೇಟ್ (ಒಂದು ಸೆಕೆಂಡಿನ ವಿಡಿಯೊಗೆ ಎಷ್ಟು ಡೇಟಾ ಅನ್ನುವ ಲೆಕ್ಕ) ಡಬಲ್ ಮಾಡಿದೆ. ಫೈಲ್ ದಪ್ಪಗಾಯಿತು, ಅಷ್ಟೇ.

ಆಮೇಲೆ ಸ್ವಲ್ಪ ತಲೆ ಓಡಿಸಿದೆ. ತಪ್ಪು ರೆಕಾರ್ಡಿಂಗ್‌ನದ್ದೋ, ಸುಮ್ನೆ ಪ್ಲೇಯರ್ ಒದ್ದಾಡುತ್ತಿದೆಯೋ? ವಿಎಲ್‌ಸಿ ಪ್ಲೇಯರಿನಲ್ಲಿ ವಿಡಿಯೊ ನಿಲ್ಲಿಸಿ ಕೀಬೋರ್ಡಿನ 'ಇ' ಒತ್ತಿದರೆ ಒಂದು ಸಲಕ್ಕೆ ಒಂದೇ ಫ್ರೇಮ್, ಅಂದರೆ ವಿಡಿಯೊದ ಒಂದೇ ಚಿತ್ರ, ಮುಂದೆ ಹೋಗುತ್ತದೆ. ಒತ್ತಿದೆ, ಬಾಣ ಅಲ್ಲೇ. ಮತ್ತೆ ಒತ್ತಿದೆ, ಅಲ್ಲೇ. ಮೂರನೇ ಸಲವೂ ಅಲ್ಲೇ. ನಾಲ್ಕನೆಯದಕ್ಕೆ ಒಂದು ಗೇಣು ಆಚೆ! ಅಂದರೆ ನಡುವಿನ ಫ್ರೇಮ್‌ಗಳು ಫೈಲಿಗೆ ಬಂದೇ ಇಲ್ಲ, ಹಳೇ ಫ್ರೇಮನ್ನೇ ಮತ್ತೆ ಮತ್ತೆ ತುಂಬಿದೆ.

ನಾನು ಬಳಸುವುದು ಓಬಿಎಸ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್. ಅದರ ಸ್ಟ್ಯಾಟ್ಸ್ ವಿಂಡೋದಲ್ಲಿ ಫ್ರೇಮ್ ಎಲ್ಲಿ ಕಳೆದುಹೋಯಿತು ಅನ್ನುವುದು ನೇರವಾಗಿ ಕಾಣುತ್ತದೆ. ರೆಂಡರಿಂಗ್ ಲ್ಯಾಗ್ (ಚಿತ್ರ ತಯಾರಿಸುವುದರಲ್ಲಿ ಆಗುವ ತಡ) ಏರುತ್ತಿದ್ದರೆ ಗ್ರಾಫಿಕ್ಸ್ ಕಾರ್ಡಿಗೆ ಪುರುಸೊತ್ತಿಲ್ಲ ಎಂದರ್ಥ. ಗೇಮ್ ರೆಕಾರ್ಡ್ ಮಾಡುವವರಿಗೆ ಇದೇ ಜಾಸ್ತಿ, ಗೇಮಿನ ಫ್ರೇಮ್ ರೇಟಿಗೆ ಒಂದು ಮಿತಿ ಹಾಕಿದರೆ ಬಹಳಷ್ಟು ಸಲ ಸರಿಹೋಗುತ್ತದೆ. ಎನ್‌ಕೋಡಿಂಗ್ ಲ್ಯಾಗ್ ಏರಿದರೆ ಫ್ರೇಮ್ ಸಿಕ್ಕಿದೆ, ಆದರೆ ಅದನ್ನು ಕುಗ್ಗಿಸಿ ಬರೆಯುವ ಕೆಲಸ ಹಿಂದೆ ಬಿದ್ದಿದೆ. (ಡ್ರಾಪ್ಡ್ ಫ್ರೇಮ್ಸ್ ನೋಡಿ ಗಾಬರಿಯಾಗಬೇಡಿ, ಅದು ಲೈವ್ ಕಳಿಸುವಾಗ ನೆಟ್‌ವರ್ಕ್ ಕೈಕೊಟ್ಟ ಲೆಕ್ಕ.)

ನನ್ನದು ಎರಡನೆಯದು, ಎನ್‌ಕೋಡಿಂಗ್ ಲ್ಯಾಗ್. ಸೆಕೆಂಡಿಗೆ 60 ಫ್ರೇಮ್ ಅಂದರೆ ಒಂದೊಂದಕ್ಕೆ ಸಿಗುವುದು 17 ಮಿಲಿಸೆಕೆಂಡಿಗೂ ಕಡಿಮೆ. ನಾನೋ, ಕ್ವಾಲಿಟಿ ಚೆನ್ನಾಗಿ ಬರಲಿ ಅಂತ ಪ್ರೊಸೆಸರ್ ಮೇಲೆ ಓಡುವ ಎಕ್ಸ್264 ಎನ್‌ಕೋಡರಿನ (ವಿಡಿಯೊ ಕುಗ್ಗಿಸುವ ಸಾಫ್ಟ್‌ವೇರ್) ಪ್ರೀಸೆಟ್ಟನ್ನು, ಅಂದರೆ ಸಿದ್ಧ ಸೆಟ್ಟಿಂಗನ್ನು, 'ಸ್ಲೋ'ಗೆ ಇಟ್ಟಿದ್ದೆ. ಹೆಸರಲ್ಲೇ ನಿಧಾನ ಅಂತ ಬರೆದಿದೆ, ಆದರೂ ಹೊಳೆಯಲಿಲ್ಲ ನೋಡಿ! ಅದನ್ನು ಬಿಟ್ಟು ಹಾರ್ಡ್‌ವೇರ್ ಎನ್‌ಕೋಡರ್ ಆರಿಸಿದೆ. ಇಂಟೆಲ್‌ನಲ್ಲಿ ಕ್ವಿಕ್ ಸಿಂಕ್, ಎನ್ವಿಡಿಯಾದಲ್ಲಿ ಎನ್‌ವೆಂಕ್, ಎಎಂಡಿಗೂ ಅದರದ್ದೇ ಒಂದಿದೆ. ಕುಗ್ಗಿಸುವ ಕೆಲಸಕ್ಕೇ ಬೇರೆ ಸರ್ಕ್ಯೂಟ್ ಇರುವುದರಿಂದ ಪ್ರೊಸೆಸರ್ ಉಸಿರಾಡಿಕೊಂಡಿತು, ಲ್ಯಾಗ್ ಸೊನ್ನೆಗೆ ನಿಂತಿತು.

ಆದರೂ ಪೇಜ್ ಸ್ಕ್ರೋಲ್ ಮಾಡುವಾಗ ಸಣ್ಣದೊಂದು ನಡುಕ ಉಳಿದಿತ್ತು. ಸ್ಟ್ಯಾಟ್ಸ್‌ನಲ್ಲಿ ಏನೂ ಇಲ್ಲ. ಕಾರಣ ಮಾನಿಟರ್! ಅದು 144 ಹರ್ಟ್ಸ್, ಅಂದರೆ ಸೆಕೆಂಡಿಗೆ 144 ಸಲ ಚಿತ್ರ ಬದಲಿಸುತ್ತದೆ, ರೆಕಾರ್ಡಿಂಗ್ 60 ಸಲ. ಭಾಗಿಸಿದರೆ 2.4. ಹಾಗಾಗಿ ಒಂದು ಫ್ರೇಮಿಗೆ ಸ್ಕ್ರೀನಿನ ಎರಡು ಹೆಜ್ಜೆ ದಾಟಿದರೆ ಇನ್ನೊಂದಕ್ಕೆ ಮೂರು, ನಡಿಗೆ ಕುಂಟದೆ ಇರುತ್ತಾ? ಮಾನಿಟರನ್ನು 120ಕ್ಕೆ ಇಳಿಸಿದೆ, ಪ್ರತಿ ಸಲವೂ ಸರಿಯಾಗಿ ಎರಡು.

ಈಗ ಪಾಠ ಶುರು ಮಾಡುವ ಮೊದಲು ಲ್ಯಾಪ್‌ಟಾಪಿಗೆ ಚಾರ್ಜರ್ ಸಿಕ್ಕಿಸಿ, ಅರ್ಧ ನಿಮಿಷ ಬಾಣವನ್ನು ಆ ತುದಿಯಿಂದ ಈ ತುದಿಗೆ ಎಳೆದು ರೆಕಾರ್ಡ್ ಮಾಡಿ, 'ಇ' ಒತ್ತಿ ನೋಡುತ್ತೇನೆ.