ರುವಾನ್ ಚರ್ಚಿನ ಆ ಭಾನುವಾರ

ಬೆಳಿಗ್ಗೆಯಿಂದ ಫಾದರ್ ಜಾಕ್ ಹಮೆಲ್ ನೆನಪಾಗ್ತಾನೇ ಇದಾರೆ. 2016ರ ಜುಲೈ 26, ಫ್ರಾನ್ಸಿನ ರುವಾನ್ ಪಕ್ಕದ ಚಿಕ್ಕ ಊರು, ಬೆಳಗಿನ ಪೂಜೆ ಮಾಡ್ತಿದ್ದ 85 ವರ್ಷದ ಪಾದ್ರಿನ ಐಸಿಸ್ ಹೆಸರಲ್ಲಿ ಇಬ್ರು ಹುಡುಗ್ರು ಕತ್ತು ಕುಯ್ದು ಕೊಂದ್ರು, ಇಬ್ರಿಗೂ ಬರೀ 19 ವರ್ಷ. ಅದ್ರಲ್ಲಿ ಒಬ್ಬ ಅದೇ ಊರಿನವನು, ಆದ್ರೂ ಅವನ ಮಣ್ಣು ನಾವು ಮಾಡಲ್ಲ ಅಂತ ಅಲ್ಲಿನ ಮಸೀದಿಯವ್ರು ಖಡಾಖಂಡಿತ ಹೇಳ್ಬಿಟ್ರು. ಮುಂದಿನ ಭಾನುವಾರ ದೇಶದ ಎಷ್ಟೋ ಕಡೆ ಮುಸ್ಲಿಮರು ಚರ್ಚಿಗೆ ಹೋಗಿ ಕ್ರೈಸ್ತರ ಜೊತೆ ಕೂತ್ರು. ರುವಾನ್ ಕೆಥೆಡ್ರಲ್‌ನಲ್ಲಿ ಮುಂದಿನ ಸಾಲಲ್ಲಿ, ಕೊಲೆ ನಡೆದ ದಿನ ಒತ್ತೆಯಾಳಾಗಿ ಸಿಕ್ಕಿಹಾಕ್ಕೊಂಡಿದ್ದ ಸಿಸ್ಟರ್ ಒಬ್ರು ಇದ್ರು, ಅವ್ರೂ ಬಂದಿದ್ದ ಮುಸ್ಲಿಮರ ಕೈ ಹಿಡಿದು ಮಾತಾಡ್ಸಿದ್ರು. ಇದನ್ನ ಓದಿದಾಗೆಲ್ಲ ಗಂಟಲು ಕಟ್ಟುತ್ತೆ ನಂಗೆ.

ಎಲ್ಲೋ ಬಾಂಬ್ ಸಿಡಿದ್ರೆ ಪ್ಯಾರಿಸ್ಸಲ್ಲಿ ಟ್ಯಾಕ್ಸಿ ಓಡಿಸೋ ಮುಸ್ಲಿಂ, ಲಂಡನ್ನಲ್ಲಿ ನೈಟ್ ಡ್ಯೂಟಿ ಮಾಡೋ ಮುಸ್ಲಿಂ ನರ್ಸು ಯಾಕೆ ಕ್ಷಮೆ ಕೇಳ್ಬೇಕು, ಅದು ನಂಗೆ ಸರಿ ಅನ್ಸಲ್ಲ. ಆದ್ರೆ ಕೊಲೆಗಾರ ನಮ್ಮ ಧರ್ಮದ ಹೆಸರು ಹೇಳ್ದಾಗ ಧರ್ಮಗುರುಗಳು ಸುಮ್ನಿರಬಾರ್ದು, 2017ರಲ್ಲಿ ಲಂಡನ್ ಬ್ರಿಡ್ಜ್ ದಾಳಿ ಆದ್ಮೇಲೆ 130ಕ್ಕೂ ಹೆಚ್ಚು ಇಮಾಮರು ಆ ದಾಳಿಕೋರರಿಗೆ ಜನಾಜಾ ನಮಾಜ್, ಅಂದ್ರೆ ಸತ್ತವ್ರಿಗೆ ಮಾಡೋ ಕೊನೇ ಪ್ರಾರ್ಥನೆ, ಮಾಡಲ್ಲ ಅಂದ್ರಲ್ಲ, ಹಂಗೆ. ಇನ್ನು ನಾರ್ವೆಯ ಓಸ್ಲೋದ ಮುಸ್ಲಿಂ ಹುಡುಗ ಹುಡುಗೀರು, 2015ರ ಫೆಬ್ರವರಿ, ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಕಾಯ್ತಿದ್ದ ಯಹೂದಿಯೊಬ್ಬ ಗುಂಡಿಗೆ ಬಲಿಯಾದ ಮುಂದಿನ ವಾರ, ಆ ಚಳೀಲಿ ತಮ್ಮೂರ ಸಿನಗಾಗ್ ಮುಂದೆ ಕೈ ಕೈ ಹಿಡ್ಕೊಂಡು ನಿಂತ್ರು, ಯಾರೂ ಕೇಳಿರ್ಲಿಲ್ಲ, ಅವ್ರೇ ಜನ ಸೇರಿಸಿದ್ರು.