ಕ್ಯಾಲೆಂಡರ್ ಹಾಳೆಯ ಬೆನ್ನಲ್ಲಿ ಮಾನಸಗಂಗೋತ್ರಿ

ಮೈಸೂರು ವಿಶ್ವವಿದ್ಯಾನಿಲಯದ ಕ್ಯಾಂಪಸ್ ಮಾನಸಗಂಗೋತ್ರಿಯ ನಕ್ಷೆಯನ್ನು ನೆನಪಿನಿಂದಲೇ ಬರೆಯುತ್ತಿದ್ದೇನೆ, ಇವತ್ತು ಅದಕ್ಕೆ ಐದನೇ ಹಾಳೆ ಅಂಟಿಸಿದೆ. ಏಪ್ರಿಲ್‌ನಲ್ಲಿ ಶುರು ಮಾಡಿದಾಗ ಒಂದೇ ಹಾಳೆಯಲ್ಲಿ ಮುಗಿಯುತ್ತದೆ ಅಂದುಕೊಂಡಿದ್ದೆ. ಈಗ 2020ರ ನವೆಂಬರ್. ಎಲ್ಲಿಗೆ ಬಂದಿದೆ ಅಂತ ಬರೆದಿಡದಿದ್ದರೆ ಯಾವ ತಪ್ಪು ಯಾಕೆ ಮಾಡಿದೆ ಅನ್ನೋದು ನನಗೇ ಮರೆತುಹೋಗುತ್ತದೆ.

ಹೊಸದಾಗಿ ಓದುವವರಿಗೆ: ನಾನು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ಮಾರ್ಚ್‌ನಲ್ಲಿ ನಾಲ್ಕು ದಿನಕ್ಕೆ ಅಂತ ಒಂದು ಬ್ಯಾಗ್ ಹಾಕಿಕೊಂಡು ಕೊಡಗಿನ ನಾಪೋಕ್ಲು ಹತ್ತಿರದ ನಮ್ಮೂರಿಗೆ ಬಂದೆ. 25ಕ್ಕೆ ಲಾಕ್‌ಡೌನ್. ಎರಡು ಶರ್ಟು, ಒಂದು ಲೈಬ್ರರಿ ಪುಸ್ತಕ ನನ್ನ ಜೊತೆ, ಉಳಿದದ್ದೆಲ್ಲ ಹಾಸ್ಟೆಲ್ ರೂಮಿನಲ್ಲಿ. ನೆಟ್‌ವರ್ಕ್ ಸಿಗುವುದು ನಮ್ಮ ಬಾಣೆಯ (ಮರಗಳಿರುವ ಎತ್ತರದ ಜಾಗ) ತುದಿಯ ಹಲಸಿನ ಮರದ ಕೆಳಗೆ ಮಾತ್ರ. ಅಲ್ಲಿ ಕೊಡೆ ಹಿಡಿದುಕೊಂಡು ಕ್ಲಾಸ್ ಕೇಳುವುದು, ಮೇಷ್ಟ್ರ ಧ್ವನಿ ಕಟ್ ಆದಾಗೆಲ್ಲ ನೋಟ್‌ಬುಕ್ಕಿನ ಅಂಚಿನಲ್ಲಿ ಡಿಪಾರ್ಟ್‌ಮೆಂಟಿಗೆ ಹೋಗುವ ರಸ್ತೆ ಗೀಚುವುದು. ಹಾಗೆ ಶುರುವಾದದ್ದು ಇದು.

ನಿಯಮ ಒಂದೇ. ಫೋನಿನ ಮ್ಯಾಪ್ ನೋಡುವಂತಿಲ್ಲ. ನೋಡಿದರೆ ಅರ್ಧ ಗಂಟೆಯ ಕೆಲಸ, ಆಮೇಲೆ ಸಂಜೆ ಏನು ಮಾಡುವುದು? ಜುಲೈಯಲ್ಲಿ ಒಮ್ಮೆ ಕಳ್ಳತನ ಮಾಡಿದೆ, ಕುಕ್ಕರಹಳ್ಳಿ ಕೆರೆಯ ಆಕಾರಕ್ಕಾಗಿ. ನಾನು ಅದನ್ನು ಹಲಸಿನ ಹಣ್ಣಿನ ಹಾಗೆ ಬರೆದಿದ್ದೆ. ಹಾಗಿಲ್ಲ. ಆದರೂ ತಿದ್ದಿಲ್ಲ, ತಿದ್ದಿದರೆ ಕದ್ದದ್ದು ಗೊತ್ತಾಗುತ್ತದಲ್ವಾ.

ಅಳತೆಯದೇ ದೊಡ್ಡ ತಲೆನೋವು. ಕ್ಯಾಂಪಸ್ 739 ಎಕರೆ ಅಂತ ಗೊತ್ತಿತ್ತು, ಅಂದರೆ ಹೆಚ್ಚುಕಮ್ಮಿ 3 ಚದರ ಕಿಲೋಮೀಟರ್. 1 ಸೆಂಟಿಮೀಟರಿಗೆ 20 ಮೀಟರ್ ಇಟ್ಟುಕೊಂಡೆ, ನಾಲ್ಕು ಕ್ಯಾಲೆಂಡರ್ ಹಾಳೆ ಬೇಕಾಯಿತು. ಆದರೆ ಯಾವುದು ಯಾವುದರಿಂದ ಎಷ್ಟು ದೂರ? ನನಗೆ ಗೊತ್ತಿದ್ದದ್ದು ನಿಮಿಷಗಳು ಮಾತ್ರ. ಹಾಸ್ಟೆಲಿನಿಂದ ಕೆರೆ ಗೇಟಿಗೆ 12 ನಿಮಿಷ, ತಡವಾಗಿ ಎದ್ದ ದಿನ ಡಿಪಾರ್ಟ್‌ಮೆಂಟಿಗೆ 7, ಮಾಮೂಲಿ ದಿನ 10. ಹಾಗಾಗಿ ಮನೆಯ ಅಂಗಳದಿಂದ 12 ನಿಮಿಷ ತೋಟದೊಳಗೆ ನಡೆದು ಹೆಜ್ಜೆ ಎಣಿಸಿದೆ. ಕಾಫಿ ಗಿಡಗಳ ಸಾಲು ದಾಟಿ, ಸಿಲ್ವರ್ ಓಕ್‌ಗೆ ಹಬ್ಬಿದ ಮೆಣಸಿನ ಬಳ್ಳಿ ದಾಟಿ, ತೋಡಿನ ಸಂಕದ ಹತ್ತಿರ ಹೆಜ್ಜೆ 1,150ಕ್ಕೆ ಬಂದು ನಿಂತೆ. ಸಂಕದ ಮೇಲೆ ನಿಂತು, ಹಾಗಾದರೆ ಇದು ಕೆರೆ ಗೇಟು, ಇಲ್ಲಿಂದ ಪೆಲಿಕನ್ ಕಾಣಬೇಕು ಅಂತ ಲೆಕ್ಕ ಹಾಕುತ್ತಿದ್ದಾಗ ಕೆಲಸದವರು ನೋಡಿ ನಕ್ಕರು. ನಮ್ಮ ತೋಟ ಏರು ತಗ್ಗು, ಅಲ್ಲಿಯ ರಸ್ತೆ ಸಪಾಟು, ಆದ್ದರಿಂದ ನನ್ನ ನಕ್ಷೆಯಲ್ಲಿ ಎಲ್ಲವೂ ನಿಜಕ್ಕಿಂತ ಸ್ವಲ್ಪ ಹತ್ತಿರ. ಅದನ್ನು ಸರಿ ಮಾಡುವ ಮನಸ್ಸೂ ಇಲ್ಲ.

ಜಯಲಕ್ಷ್ಮಿ ವಿಲಾಸ ಅರಮನೆ ಸುಲಭವಾಗಿ ಬಂತು. 1905ರ ಕಟ್ಟಡ, ಎತ್ತರದಲ್ಲಿದೆ, ಎಲ್ಲಿಂದ ನೋಡಿದರೂ ದಿಕ್ಕು ಸಿಗುತ್ತದೆ. ಅಲ್ಲಿಂದ ಬಯಲು ರಂಗಮಂದಿರದ ಕಡೆಗೆ ಬರುವಾಗ ಮಧ್ಯೆ ಏನಿದೆ ಅನ್ನೋದು ಮಾತ್ರ ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ, ಯಾಕೆಂದರೆ ಆ ದಾರಿಯಲ್ಲಿ ಯಾವಾಗಲೂ ಗೆಳೆಯನ ಬೈಕಿನ ಹಿಂದೆ ಕೂತು ಹರಟೆ ಹೊಡೆಯುತ್ತಾ ಬಂದಿದ್ದೇನೆ. ಮೂವರಿಗೆ ಫೋನ್ ಮಾಡಿದೆ. ಚಾಮರಾಜನಗರದವನು ಬೇವಿನ ಮರ ಅಂದ. ಹಾಸನದವಳು ಬರೀ ಕಾಂಪೌಂಡ್ ಅಂದಳು. ಮೂರನೆಯವನು ಅಲ್ಲಿ ನಾಯಿಗಳಿವೆ ಅಂದ. ಆ ಜಾಗ ಈಗಲೂ ಬಿಳಿ. ಆ ಮೂರು ಫೋನುಗಳಿಗೆ ಒಟ್ಟು ನಾಲ್ಕು ಗಂಟೆ ಹೋಯಿತು, ನಕ್ಷೆಯ ವಿಷಯ ಹತ್ತು ನಿಮಿಷವೂ ಇರಲಿಲ್ಲ.

ಬಣ್ಣಕ್ಕೆ ಅಂಗಡಿ ತೆರೆದಿರಲಿಲ್ಲ. ರಸ್ತೆಗೆ ಕಾಫಿ ಡಿಕಾಕ್ಷನ್, ಕಟ್ಟಡಕ್ಕೆ ಅರಿಶಿನ. ಕೊಡವರ ಕಕ್ಕಡ ತಿಂಗಳ ಹದಿನೆಂಟಕ್ಕೆ, ಅಂದರೆ ಆಗಸ್ಟ್ 3ಕ್ಕೆ, ಅವ್ವ ಮದ್ದ್ ಸೊಪ್ಪು ಅನ್ನೋ ಔಷಧಿ ಎಲೆ ಬೇಯಿಸಿದ ನೀರಿನಲ್ಲಿ ಪಾಯಸಕ್ಕೆ ಮುಂಚೆ ಒಂದು ಲೋಟ ಎತ್ತಿಟ್ಟುಕೊಂಡೆ. ಎಂಥ ನೇರಳೆ ಬಣ್ಣ ಗೊತ್ತಾ! (ಅದನ್ನು ತಿಂದ ಮಾರನೇ ದಿನ ಬೆಳಿಗ್ಗೆ ಮೂತ್ರದ ಬಣ್ಣ ಏನಾಗುತ್ತದೆ ಅಂತ ಕೊಡಗಿನವರಿಗೆ ಹೇಳಬೇಕಾಗಿಲ್ಲ.) ಹೂಬಿಟ್ಟ ಮರಗಳಿಗೆಲ್ಲ ಅದನ್ನೇ ಹಚ್ಚಿದೆ. ಎರಡು ದಿನಕ್ಕೆ ಮಂಕಾಯಿತು. ಆಮೇಲೆ ಜಡಿಮಳೆ, ಕರೆಂಟಿಲ್ಲ, ಹಾಳೆಗೆ ಬೂಸಲು. 6ನೇ ತಾರೀಕು ತಲಕಾವೇರಿ ಹತ್ತಿರ ಬ್ರಹ್ಮಗಿರಿ ಕುಸಿದ ಸುದ್ದಿ ಬಂದ ಮೇಲೆ ಸುಮಾರು ದಿನ ಪೆನ್ಸಿಲ್ ಮುಟ್ಟಲಿಲ್ಲ. ಹಾಳೆಗಳನ್ನು ಸುರುಳಿ ಸುತ್ತಿ ಒಲೆಯ ಮೇಲಿನ ಅಟ್ಟಕ್ಕೆ ಹಾಕಿದೆ. ಈಗ ಮಾನಸಗಂಗೋತ್ರಿ ಪೂರ್ತಿ ಹೊಗೆ ವಾಸನೆ.

ಐದನೇ ಹಾಳೆ ಬಂದದ್ದು ಅಕ್ಟೋಬರ್ 19ರಿಂದ. ಅವತ್ತು ವಿಶ್ವವಿದ್ಯಾನಿಲಯದ 100ನೇ ಘಟಿಕೋತ್ಸವ. 1916ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ವಿಶ್ವವಿದ್ಯಾನಿಲಯ, ನೂರನೇ ಘಟಿಕೋತ್ಸವಕ್ಕೆ ಪ್ರಧಾನಿ ಭಾಷಣ ವಿಡಿಯೋದಲ್ಲಿ. ನಾನೂ ಹಲಸಿನ ಮರದಡಿ ಫೋನಿನಲ್ಲೇ ನೋಡಿದೆ. ಭಾಷಣ ಅರ್ಧ ಕೇಳಿಸಿತು. ವಿಶ್ವವಿದ್ಯಾನಿಲಯದ ಆಡಳಿತ ಕಚೇರಿ ಇರುವ ಕ್ರಾಫರ್ಡ್ ಹಾಲ್ ಕಂಡಾಗ ಮಾತ್ರ, ಅಯ್ಯೋ, ಇದನ್ನು ಬರೆದೇ ಇಲ್ಲವಲ್ಲ ಅನ್ನಿಸಿತು. ಅದು ಕೆರೆಯ ಆಚೆ ಕಡೆ, ನನ್ನ ನಾಲ್ಕು ಹಾಳೆಗೆ ಹೊರಗೆ. ನಾನು ಅಲ್ಲಿಗೆ ಹೋದದ್ದೇ ಎರಡು ಸಲ, ಎರಡೂ ಸಲ ಅರ್ಜಿ ಹಿಡಿದುಕೊಂಡು ಬಾಯಲ್ಲಿ ಬೈಕೊಂಡು. ಈಗ ಅದರ ಕಂಬಗಳನ್ನು ಒಂದು ವಾರ ಕೂತು ಬರೆದಿದ್ದೇನೆ. ಇಡೀ ನಕ್ಷೆಯಲ್ಲಿ ಚೆನ್ನಾಗಿ ಬಂದಿರುವುದು ಅದೊಂದೇ.

17ಕ್ಕೆ ಕಾಲೇಜು ತೆರೆಯುತ್ತವಂತೆ. ಕೋವಿಡ್ ಟೆಸ್ಟ್ ರಿಪೋರ್ಟ್ ಬೇಕು, ಮನೆಯವರ ಒಪ್ಪಿಗೆ ಪತ್ರ ಬೇಕು. ಪುತ್ತರಿ (ನಮ್ಮ ಸುಗ್ಗಿ ಹಬ್ಬ) ಮುಗಿಸಿಕೊಂಡು ಹೋಗು ಅಂತ ಅವ್ವ ಪತ್ರಕ್ಕೆ ಇನ್ನೂ ಸಹಿ ಹಾಕಿಲ್ಲ. ಬಿಳಿ ಜಾಗಕ್ಕೆ ಟ್ರೇಸಿಂಗ್ ಹಾಳೆ ಕತ್ತರಿಸಿ ಲೈಬ್ರರಿ ಪುಸ್ತಕದೊಳಗೆ ಇಟ್ಟಿದ್ದೇನೆ. ಹೋದ ದಿನವೇ ಬೈಕ್ ಬಿಟ್ಟು ನಡೆದು ನೋಡಬೇಕು, ಬೇವಿನ ಮರವೋ, ಕಾಂಪೌಂಡೋ, ನಾಯಿಗಳೋ.