ಮಖ ನೋಡ್ಕೊಂಡೇ ಕೊಲೆಗಾರನ್ನ ಹುಡುಕಿದ ನಮ್ಮವ್ವ

ಸಂಕ್ರಾಂತಿ ಮುಗಿಸ್ಕೊಂಡು ಅವ್ವ ಊರಿಂದ ಕುವೆಂಪುನಗರದ ನಮ್ಮನೆಗೆ ಬಂದಿತ್ತು, ಜೊತೆಗೆ ಎಂದಿನಂತೆ ಒಂದು ಚೀಲ ಅವರೆಕಾಯಿ. ಶನಿವಾರ ರಾತ್ರಿ ಊಟ ಆದ್ಮೇಲೆ ನೆನೆಹಾಕಿದ್ದ ಕಾಳು ಮುಂದಿಟ್ಕೊಂಡು ಹಿತುಕ್ತಾ ಕೂತಿತ್ತು, ನಾನು ಟಿವಿಲಿ 'ಮೆಮೊರೀಸ್ ಆಫ್ ಮರ್ಡರ್' ಹಾಕ್ದೆ. ನಾಲ್ಕನೇ ಸಲ ನೋಡ್ತಿರೋದು ನಾನು. ಕೊರಿಯಾ ಸಿನಿಮಾ, 2003ರದ್ದು, ಬೋಂಗ್ ಜೂನ್ ಹೋ ಮಾಡಿದ್ದು, ಆಮೇಲೆ 'ಪ್ಯಾರಸೈಟ್'ಗೆ ಆಸ್ಕರ್ ಹೊಡ್ಕೊಂಡ್ನಲ್ಲ ಅವನೇ. ಅವ್ವಂಗೆ ಕೊರಿಯನ್ನೂ ಗೊತ್ತಿಲ್ಲ ಕೆಳಗೆ ಬರೋ ಇಂಗ್ಲಿಷ್ ಅಕ್ಷರನೂ ಬರಲ್ಲ, ಧಾರಾವಾಹಿ ಹಾಕ್ಲಾ ಅಂತ ಬೈಸ್ಕೊಳಕ್ಕೆ ರೆಡಿಯಾಗೇ ಇದ್ದೆ. ಆದ್ರೆ ಮೊದಲ ಸೀನೇ ಗದ್ದೆ.

ಹಣ್ಣಾದ ಭತ್ತ, ಹಳದಿ ಬಯಲು, ಟಿಲ್ಲರ್ ಗಾಡಿಲಿ ಕೂತ್ಕೊಂಡು ಬರೋ ಪೊಲೀಸು, ಹಿಂದೆ ಓಡೋ ಹುಡುಗ್ರು. ಗದ್ದೆ ಪಕ್ಕದ ಮೋರಿ ಮೇಲೆ ಒಂದು ಕಾಂಕ್ರೀಟ್ ಚಪ್ಪಡಿ, ಅದರಡಿ ಬಗ್ಗಿ ನೋಡ್ತಾನೆ, ಒಳಗೆ ಹೆಣ. 1986ರ ಅಕ್ಟೋಬರ್ ಅಂತ ತೋರಿಸ್ತಾರೆ (ಅಕ್ಟೋಬರ್‌ಗೆ ನಮ್ ಕಡೆ ಇನ್ನೂ ಹಸುರಾಗೇ ಇರುತ್ತೆ, ಅದು ಬಿಡಿ). ಅವ್ವ ಕಾಳು ಹಿತುಕೋದು ನಿಲ್ಲಿಸ್ತು. "ಇದ್ಯಾವೂರ್ಲಾ, ನಮ್ ನಾಲೆ ಬಯಲಿದ್ದಂಗೇ ಅದಲ್ಲ" ಅಂತು.

ಹ್ವಾಸಾಂಗ್ ಅಂತ, ಸಿಯೋಲ್‌ಗಿಂತ ಕೆಳಗೆ. ಅಲ್ಲಿ 1986ರಿಂದ 1991ರವರೆಗೆ ಹತ್ತು ಜನ ಹೆಣ್ಣುಮಕ್ಕಳ ಕೊಲೆ ಆಯ್ತು, ಸಾವಿರಾರು ಜನರನ್ನ ವಿಚಾರಣೆ ಮಾಡಿದ್ರೂ ಸಿನಿಮಾ ಬರೋ ಹೊತ್ತಿಗೆ ಕೊಲೆಗಾರ ಸಿಕ್ಕಿರ್ಲಿಲ್ಲ. ಸಿಗದೇ ಇರೋ ಕೇಸಿನ ಮೇಲೆ ಸಿನಿಮಾ ಮಾಡೋದು ಅಂದ್ರೆ ಸುಮ್ನೆ ಮಾತಲ್ಲ, ಕೊನೇಲಿ ಜನಕ್ಕೆ ಕೊಡಕ್ಕೆ ಏನೂ ಇರಲ್ಲ ನಿಮ್ಮತ್ರ. ಬೋಂಗ್ ಕೊಲೆಗಾರನ್ನ ಬಿಟ್ಟು ಹುಡುಕೋರನ್ನ ತೋರಿಸ್ತಾನೆ. ನೀವು ನಗ್ತಾ ಇರ್ತೀರ, ಯಾವಾಗ ನಗು ನಿಂತೋಯ್ತು ಅಂತ ಗೊತ್ತೇ ಆಗಲ್ಲ.

ಎರಡನೇ ಹೆಣ ಸಿಕ್ಕೋ ಜಾಗ ನೋಡ್ಬೇಕು ನೀವು. ಊರಿಗೂರೇ ಬಂದು ನಿಂತಿದೆ, ಮಕ್ಕಳು ಓಡಾಡ್ತಿದಾವೆ, ಸಾಹೇಬ್ರು ಒಬ್ಬೊಬ್ರಾಗಿ ಬದು ಇಳಿಯಕ್ಕೋಗಿ ಜಾರಿ ಬೀಳ್ತಿದಾರೆ. ಮಣ್ಣಲ್ಲಿ ಒಂದೇ ಒಂದು ಹೆಜ್ಜೆ ಗುರುತಿದೆ, ಅದನ್ನ ಕಾಪಾಡಿ ಅಂತ ನಮ್ಮ ಡಿಟೆಕ್ಟಿವ್ ಕೂಗಾಡ್ತಾನೇ ಇರ್ತಾನೆ, ಟ್ರ್ಯಾಕ್ಟರ್ ಬಂದು ಅದರ ಮೇಲೇ ಹತ್ತಿಸ್ಕೊಂಡು ಹೋಗುತ್ತೆ. "ಅಯ್ಯೋ, ಆ ಟ್ರ್ಯಾಕ್ಟ್ರೋನ್ಗೆ ಯಾರಾರ ಯೋಳ್ಬಾರ್ದಾ" ಅಂತ ಅವ್ವ ಹಣೆ ಚಚ್ಕೊಳ್ತು.

ಆ ಡಿಟೆಕ್ಟಿವ್ ಪಾತ್ರ ಮಾಡಿರೋದು ಸಾಂಗ್ ಕಾಂಗ್ ಹೋ. ಅವನಿಗೊಂದು ನಂಬಿಕೆ, ಕಣ್ಣಲ್ಲಿ ಕಣ್ಣಿಟ್ಟು ಮುಖ ನೋಡಿದ್ರೆ ಯಾರು ಕಳ್ಳ ಯಾರು ಸಾಚಾ ಅಂತ ಹೇಳ್ಬಿಡ್ತೀನಿ ಅಂತ. ಸ್ಟೇಷನ್ನಲ್ಲಿ ಇಬ್ಬರು ಹುಡುಗ್ರು ಕೂತಿರ್ತಾರೆ, ಒಬ್ಬ ರೇಪ್ ಮಾಡಿ ಸಿಕ್ಕಿಬಿದ್ದೋನು ಇನ್ನೊಬ್ಬ ಆ ಹುಡುಗಿ ಅಣ್ಣ, ಯಾರು ಯಾವನು ಹೇಳು ನೋಡೋಣ ಅಂತಾನೆ ಮೇಲಧಿಕಾರಿ, ಇವನು ದುರುಗುಟ್ಕೊಂಡು ನೋಡ್ತಾನೆ, ನಾವೂ ನೋಡ್ತೀವಿ, ಉತ್ತರ ಹೇಳದೇ ಸೀನ್ ಕಟ್. ಅವ್ವ ಮಾತ್ರ ತಡ ಮಾಡ್ದೆ "ಎಡಗಡೆಯೋನು" ಅಂತು. ಸಬ್‌ಟೈಟಲ್ ಓದಕ್ಕೆ ಬರದೋರಿಗೆ ಇರೋದೇ ಮುಖ ತಾನೆ. ಆಮೇಲೆ ಬಂದೋರಿಗೆಲ್ಲ ಅವ್ವಂದೇ ತೀರ್ಪು, ಇವ್ನಲ್ಲ ಬುಡು, ಇವ್ನೇ ಕನ್ಲಾ, ಇವ್ನ್ ಕಣ್ ನೋಡು ಹಾವಿನ್ ಕಣ್ಣಿದ್ದಂಗವೆ.

ಮುಖದ ಮೇಲೆ ಸುಟ್ಟ ಕಲೆ ಇರೋ, ಬುದ್ಧಿ ಅಷ್ಟಾಗಿ ಬೆಳೀದಿರೋ ಒಬ್ಬ ಹುಡುಗನ್ನ ಹಿಡ್ಕೊಂಬರ್ತಾರೆ. ಅವನ ಶೂನಲ್ಲೇ ಹೆಜ್ಜೆ ಗುರುತು ಮಾಡಿ ಸಾಕ್ಷಿ ಹುಟ್ಟಿಸ್ತಾರೆ, ಹೊಡ್ದು ಒಪ್ಪಿಸ್ತಾರೆ. ಇಲ್ಲಿ ನಂಗೆ ಪ್ರತಿ ಸಲನೂ ಹೊಟ್ಟೆ ಕಿವುಚುತ್ತೆ, ಕಾರಣ ಸಿನಿಮಾ ಒಂದೇ ಅಲ್ಲ.

ನಾನು ಪಿಯುಸಿಲಿದ್ದಾಗ ನಮ್ಮೂರಲ್ಲಿ ಒಂದೇ ರಾತ್ರಿ ಮೂರ್ನಾಲ್ಕು ಪಂಪ್‌ಸೆಟ್ಟಿನ ಕೇಬಲ್ ಕತ್ತರಿಸ್ಕೊಂಡು ಹೋಗಿದ್ರು, ಒಳಗಿನ ತಾಮ್ರದ ಆಸೆಗೆ. ಎಮ್ಮೆ ಮೇಯಿಸೋ ಒಬ್ಬ ಹುಡುಗ ಇದ್ದ, ಮಾತು ತೊದಲೋದು, ಯಾರು ಏನ್ ಕೇಳಿದ್ರೂ ಮೊದ್ಲು ನಗೋನು. ಅವನನ್ನ ಅರಳಿಕಟ್ಟೆ ಹತ್ರ ಲೈಟ್ ಕಂಬಕ್ಕೆ ಕಟ್ಟಿದ್ರು. ಸೊಂಟಕ್ಕೆ ಎಮ್ಮೆ ಹಗ್ಗ, ಒಂದು ಕಾಲಲ್ಲಿ ಮಾತ್ರ ಚಪ್ಪಲಿ. ನಾಲ್ಕು ಏಟು ಬಿದ್ಮೇಲೆ ನಾನೇ ಅಂದ, ಎಲ್ಲಿಟ್ಟಿದ್ದೀಯ ಅಂದ್ರೆ ಒಂದ್ಸಲ ಕಬ್ಬಿನ ಗದ್ದೆ ಅಂದ ಇನ್ನೊಂದ್ಸಲ ಕೆರೆ ಏರಿ ಅಂದ, ಹೋಗಿ ಹುಡುಕಿ ಬಂದು ಮತ್ತೆ ಹೊಡೆದ್ರು. ಎರಡು ತಿಂಗಳಾದ್ಮೇಲೆ ಬೇರೆ ಊರಲ್ಲಿ ಟೆಂಪೋ ಸಮೇತ ಕಳ್ಳರು ಸಿಕ್ಕಿಬಿದ್ರು, ನಮ್ಮೂರಿನ ಕೇಬಲ್ಲೂ ತಾವೇ ಕದ್ದಿದ್ದು ಅಂತ ಒಪ್ಕೊಂಡ್ರು. ಆ ಹುಡುಗಂಗೆ ಯಾರೂ ಏನೂ ಹೇಳ್ಲಿಲ್ಲ. ನಾನು ಹೊಡೆದಿರ್ಲಿಲ್ಲ ನಿಜ, ಆದ್ರೆ ಕಂಬದ ಹತ್ರ ಜನದ ಮಧ್ಯೆ ನಿಂತ್ಕೊಂಡು "ಮಖ ನೋಡ್ರೋ, ಎಂಗ್ ನಗ್ತಾವ್ನೆ ಕಳ್ ನನ್ಮಗ" ಅಂದಿದ್ದು ನಾನೇ.

ಸಿನಿಮಾದ ಕೊನೆಗೆ ಬರೋಣ. ಮಧ್ಯೆ ಸ್ವಲ್ಪ ಎಳೀತಾರೆ ಅನ್ಸುತ್ತೆ ನಂಗೆ, ಅಮೆರಿಕದಿಂದ ಡಿಎನ್‌ಎ ರಿಪೋರ್ಟ್ ಬರೋ ಸೀನ್ ಮಾತ್ರ ಬೆಂಕಿ. ಅದಾದ್ಮೇಲೆ 2003ಕ್ಕೆ ಹೋಗುತ್ತೆ ಕಥೆ. ಡಿಟೆಕ್ಟಿವ್ ಪೊಲೀಸ್ ಕೆಲಸ ಬಿಟ್ಟು ಸೇಲ್ಸ್‌ಮನ್ ಆಗಿದಾನೆ, ದಾರೀಲಿ ಅದೇ ಗದ್ದೆ ಹತ್ರ ಇಳ್ದು ಅದೇ ಮೋರಿ ಬಗ್ಗಿ ನೋಡ್ತಾನೆ. ಒಬ್ಳು ಪುಟ್ಟ ಹುಡುಗಿ ಬಂದು, ಮೊನ್ನೆ ಇನ್ನೊಬ್ಬ ಮಾಮನೂ ಹಿಂಗೇ ನೋಡ್ತಿದ್ದ ಅಂತಾಳೆ, ಹಿಂದೆ ಇಲ್ಲಿ ಏನೋ ಮಾಡಿದ್ದು ನೆನಪಾಯ್ತು ಅಂದ್ನಂತೆ. ಮುಖ ಹೆಂಗಿತ್ತು? ಎಲ್ಲರ ಥರ ಇತ್ತು, ಮಾಮೂಲಿ. ಆಗ ಡಿಟೆಕ್ಟಿವ್ ತಿರುಗಿ ಸೀದಾ ಕ್ಯಾಮೆರಾ ನೋಡ್ತಾನೆ.

"ಅವ್ನ್ಯಾಕ್ಲಾ ನನ್ನೇ ನೋಡ್ತಾವ್ನೆ?"

ಕೊಲೆಗಾರ ಎಲ್ಲೋ ಬದುಕಿದಾನೆ, ಈ ಸಿನಿಮಾಕ್ಕೂ ಬಂದು ಕೂತಿರ್ತಾನೆ ಅಂತ ಡೈರೆಕ್ಟರ್‌ಗೆ ಅನ್ಸಿತ್ತಂತೆ, ಅವನ ಕಣ್ಣಿಗೇ ನೋಡ್ಲಿ ಅಂತ ಹಂಗೆ ಮಾಡಿದ್ದು ಅಂದೆ. "ಸಿಕ್ಕುದ್ನಾ?"

ಸಿಕ್ಕಿದ್ದು 2019ರಲ್ಲಿ. ಹಳೇ ಬಟ್ಟೆಗಳ ಮೇಲಿದ್ದ ಡಿಎನ್‌ಎಯಿಂದ. ಹೆಂಡ್ತಿ ತಂಗೀನ ಕೊಂದು 1994ರಿಂದ ಜೈಲಲ್ಲೇ ಇದ್ದ ಆಸಾಮಿ. ಆ ಕಾಲದಲ್ಲೇ ಪೊಲೀಸರು ಅವನನ್ನ ವಿಚಾರಣೆ ಮಾಡಿ ರಕ್ತದ ಗುಂಪು ಹೊಂದಲ್ಲ ಅಂತ ಕೈಬಿಟ್ಟಿದ್ರು. ಈಗ ಅವಧಿ ಮುಗಿದಿದ್ರಿಂದ ಹಳೇ ಕೊಲೆಗಳಿಗೆ ಕೇಸೂ ಹಾಕಂಗಿಲ್ಲ. ಜೈಲಲ್ಲೇ ಸಿನಿಮಾ ನೋಡಿದ್ದೆ, ಏನೂ ಅನ್ನಿಸ್ಲಿಲ್ಲ ಅಂತ 2020ರಲ್ಲಿ ಕೋರ್ಟಲ್ಲಿ ಹೇಳ್ದ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಎಂಟನೇ ಕೊಲೆಗೆ ಪೋಲಿಯೋ ಆಗಿ ಕಾಲು ಎಳೆಯೋ ಒಬ್ಬ ಹುಡುಗನ್ನ ಹಿಡಿದು ನಿದ್ದೆ ಮಾಡಕ್ಕೆ ಬಿಡದೇ ಒಪ್ಪಿಸಿದ್ರು, ಸುಮಾರು 20 ವರ್ಷ ಜೈಲು. ಜನ ಈ ಸಿನಿಮಾನ ಥಿಯೇಟರಲ್ಲಿ ಕೂತು ಚಪ್ಪಾಳೆ ಹೊಡೀತಿದ್ದಾಗ ಅವನು ಒಳಗೇ ಇದ್ದ. ನಿರಪರಾಧಿ ಅಂತ ಕೋರ್ಟ್ ಹೇಳಿದ್ದು 2020ರ ಡಿಸೆಂಬರ್‌ನಲ್ಲಿ.

ಇದನ್ನೆಲ್ಲ ಕೇಳಿ ಅವ್ವ, "ತೋರ್ಸು ಅವ್ನ್ ಮಖಾವ" ಅಂತು. ಫೋನಲ್ಲಿ ಹುಡುಕಿ ಕೊಟ್ಟೆ. ಕನ್ನಡಕ ಇರ್ಲಿಲ್ಲ, ಕೈ ಉದ್ದ ಮಾಡಿ ಹಿಡ್ಕೊಂಡು ತುಂಬಾ ಹೊತ್ತು ನೋಡ್ತು. "ಯಾರೋ ನೆಂಟ್ರ್ ಪೈಕಿ ಇದ್ದಂಗವ್ನೆ ಕನ್ಲಾ" ಅಂತ ಫೋನ್ ವಾಪಸ್ ಕೊಟ್ತು.

ಟಿವಿ ಆಫ್ ಮಾಡ್ದೆ. ಅವ್ವ ಪಾತ್ರೆ ಹತ್ರಕ್ಕೆ ಎಳ್ಕೊಂಡು ಎರಡು ಕಾಳು ಹಿತುಕಿ, ತಲೆ ಎತ್ತದೇನೇ, "ಆ ಎಮ್ಮೆ ಹುಡ್ಗ ಈಗ ಇಲ್ಲೇ ಮೈಸೂರ್‌ಗೆ ಗಾರೆ ಕೆಲ್ಸುಕ್ ಬತ್ತಾನಂತೆ, ಮದ್ವೆನೂ ಆಗದೆ, ಸಿಕ್ಕುದ್ರೆ ಮಾತಾಡ್ಸು" ಅಂತು. ಹೂಂ ಅಂದೆ. ಸಿಪ್ಪೆ ತುಂಬಿದ್ದ ಮೊರ ಎತ್ಕೊಂಡು ಹಿತ್ಲಿಗೆ ಹೋದೆ.